ಕಾರ್ಲ್ ಮಾರ್ಕ್ಸ್ ನಗರದ ಫ್ಲೆಕ್ಸು, ಠಾಣೆ ಮುಂದಿನ ಗುಂಪು

ದಾವಣಗೆರೆಯಲ್ಲಿ ಕಾರ್ಲ್ ಮಾರ್ಕ್ಸ್ ನಗರ ಅಂತ ಒಂದು ಬಡಾವಣೆ ಇದೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಊರಿನವರಿಗೆ ಅದರಲ್ಲಿ ಸೋಜಿಗವಿಲ್ಲ. ಇದು ಹತ್ತಿ ಗಿರಣಿಗಳ ಊರು. 1978, 1983, 1985ರ ಮೂರೂ ಚುನಾವಣೆಗಳಲ್ಲಿ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ ಊರು. 2025ರ ಸೆಪ್ಟೆಂಬರ್ 24ರ ರಾತ್ರಿ ಅದೇ ಬಡಾವಣೆಯಲ್ಲಿ ‘ಐ ಲವ್ ಮುಹಮ್ಮದ್’ ಎಂದು ಬರೆದ ಫ್ಲೆಕ್ಸಿನ ವಿಚಾರಕ್ಕೆ ಎರಡು ಗುಂಪುಗಳ ನಡುವೆ ಜಗಳ ಹತ್ತಿ ಕಲ್ಲು ತೂರಾಟವಾಯಿತು. ಧರ್ಮವನ್ನು ಅಫೀಮು ಎಂದವನ ಹೆಸರಿನ ಓಣಿಯಲ್ಲಿ!

ಆ ಫ್ಲೆಕ್ಸಿನಲ್ಲಿ ಯಾರನ್ನೂ ಬೈದಿರಲಿಲ್ಲ. ಇನ್ನೊಬ್ಬರ ದೇವರ ಹೆಸರೂ ಅದರಲ್ಲಿರಲಿಲ್ಲ. ಕಥೆ ಶುರುವಾಗಿದ್ದು ಅದೇ ತಿಂಗಳ 4ರಂದು ಕಾನ್ಪುರದಲ್ಲಿ. ಈದ್ ಮಿಲಾದ್‌ಗೆ ಕಟ್ಟಿದ ಇದೇ ಬರಹದ ಬೋರ್ಡಿಗೆ ತಕರಾರು ಬಂತು. ಹೊಸ ಜಾಗದಲ್ಲಿ ಕಟ್ಟಿದ್ದಾರೆ, ಹೊಸ ಸಂಪ್ರದಾಯ ಹುಟ್ಟಿಸುತ್ತಿದ್ದಾರೆ ಎಂಬ ತಕರಾರು. ಪೊಲೀಸರು ಕೇಸು ಹಾಕಿದರು. ಆಮೇಲೆ ಊರಿಂದ ಊರಿಗೆ ಹರಿದಾಡಿದ್ದು ಆ ಕೇಸಿನ ಸುದ್ದಿ. ‘ಪ್ರವಾದಿಯನ್ನು ಪ್ರೀತಿಸುತ್ತೇನೆ ಎಂದರೂ ಎಫ್‌ಐಆರಾ?’ ಎಂದು ಒಂದು ಕಡೆಯವರು ಫ್ಲೆಕ್ಸ್ ಕಟ್ಟಿದರು. ಇನ್ನೊಂದು ಕಡೆಯವರು ‘ಐ ಲವ್ ಮಹಾದೇವ್’ ಎಂದು ಕಟ್ಟಿದರು. ಭಕ್ತಿಯೇ ಸವಾಲಾಗಿ ಓದಿಸಿಕೊಳ್ಳುವ ಸ್ಥಿತಿ ಬಂದ ಮೇಲೆ ನಿಂದೆಗೆ ಬೇರೆ ಮಾತೇ ಬೇಕಾಗಲಿಲ್ಲ. ಕಟ್ಟಿದ ಜಾಗ ಯಾವುದು, ಕಟ್ಟಿದವರು ಯಾರು ಎಂಬಷ್ಟೇ ಸಾಕಾಯಿತು.

ಈ ಲೇಖನ ಆ ಫ್ಲೆಕ್ಸಿನ ತಪ್ಪು ಒಪ್ಪಿನ ಬಗ್ಗೆ ಅಲ್ಲ. ಧರ್ಮನಿಂದೆಯ ಕಾನೂನು ಎಂದು ನಾವು ಸಾಮಾನ್ಯವಾಗಿ ಕರೆಯುವ ಒಂದು ಕಲಮು ನೆರೆಹೊರೆಯವರ ನಡುವೆ ಏನು ಮಾಡುತ್ತದೆ ಎಂಬುದರ ಬಗ್ಗೆ.

ಭಾರತದಲ್ಲಿ ದೇವರನ್ನು ಬೈದರೆ ಶಿಕ್ಷೆ ಎಂಬ ಕಾನೂನು ನೇರವಾಗಿ ಇಲ್ಲ. ಇರುವುದು ಭಾವನೆಯ ಕಾನೂನು. ಮೊನ್ನೆಯವರೆಗೆ ಭಾರತೀಯ ದಂಡ ಸಂಹಿತೆಯ 295ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 299. ಠಾಣೆಯಲ್ಲಿ, ಕೋರ್ಟಿನ ಕಟ್ಟೆಯಲ್ಲಿ ಇನ್ನೂ ‘ಟೂ ನೈಂಟಿಫೈವ್ ಎ’ ಎಂದೇ ಮಾತು. ಒಂದು ವರ್ಗದ ಜನರ ಧಾರ್ಮಿಕ ಭಾವನೆಯನ್ನು ಕೆರಳಿಸಬೇಕೆಂಬ ಉದ್ದೇಶಪೂರ್ವಕ ಮತ್ತು ದುರುದ್ದೇಶದ ಅವಮಾನಕ್ಕೆ ಮೂರು ವರ್ಷದವರೆಗೆ ಸಜೆ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು, ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಹೊಸ ಸಂಹಿತೆಯಲ್ಲಿ ‘ಎಲೆಕ್ಟ್ರಾನಿಕ್ ವಿಧಾನದ ಮೂಲಕ’ ಎಂಬ ಮಾತು ಸೇರಿದೆ. ಉಳಿದದ್ದೆಲ್ಲ ಹೆಚ್ಚುಕಡಿಮೆ ಹಳೆಯದೇ.

ಈ ಕಲಮು ಹುಟ್ಟಿದ ಕಥೆಯಲ್ಲೇ ಅದರ ರೋಗವೂ ಇದೆ. 1924ರಲ್ಲಿ ಲಾಹೋರಿನ ರಾಜಪಾಲ್ ಎಂಬ ಪ್ರಕಾಶಕರು ಪ್ರವಾದಿಯವರ ಖಾಸಗಿ ಬದುಕನ್ನು ಗೇಲಿ ಮಾಡುವ ಕಿರುಹೊತ್ತಗೆಯೊಂದನ್ನು ಹೊರತಂದರು. ಆಗ ಇದ್ದ 153ಎ ಕಲಮಿನಡಿ ಕೇಸಾಯಿತು. 1927ರಲ್ಲಿ ಲಾಹೋರ್ ಹೈಕೋರ್ಟಿನ ನ್ಯಾಯಮೂರ್ತಿ ದಲೀಪ್ ಸಿಂಗ್, ರಾಜಪಾಲರನ್ನು ಬಿಡುಗಡೆ ಮಾಡಿದರು. ಬರಹ ಕೆಟ್ಟದ್ದೇ, ಆದರೆ ತೀರಿಹೋದ ಧರ್ಮಗುರುವನ್ನು ಟೀಕಿಸುವುದನ್ನು ಎರಡು ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ ಕಲಮಿನೊಳಗೆ ತುರುಕಲಾಗದು ಎಂಬುದು ಅವರ ನಿಲುವು. ಪಂಜಾಬು ಕುದಿಯಿತು. ಅದೇ ವರ್ಷ ಕೇಂದ್ರ ಶಾಸನಸಭೆ 295ಎ ಸೇರಿಸಿತು. ಚರ್ಚೆಯಲ್ಲಿ ಜಿನ್ನಾ ಅವರೇ ಎಚ್ಚರಿಸಿದ್ದರು: ಇತಿಹಾಸದ ಸತ್ಯ ಹುಡುಕುವವರು, ಧರ್ಮವನ್ನು ಪ್ರಾಮಾಣಿಕವಾಗಿ ವಿಮರ್ಶಿಸುವವರು ಇದರಡಿ ಸಿಕ್ಕಿಕೊಳ್ಳಬಾರದು ಎಂದು. ‘ಉದ್ದೇಶಪೂರ್ವಕ ಮತ್ತು ದುರುದ್ದೇಶದ’ ಎಂಬ ಜೋಡಿ ಪದಗಳಿರುವುದು ಇಂಥವರ ರಕ್ಷಣೆಗೇ.

ಕಲಮು ಬಂದು ಎರಡು ವರ್ಷವೂ ತುಂಬಿರಲಿಲ್ಲ, 1929ರ ಏಪ್ರಿಲ್‌ನಲ್ಲಿ ಇಲ್ಮುದ್ದೀನ್ ಎಂಬ ಯುವಕ ರಾಜಪಾಲರನ್ನು ಅವರ ಅಂಗಡಿಯಲ್ಲೇ ಇರಿದು ಕೊಂದ. ಮೇಲ್ಮನವಿಯಲ್ಲಿ ಅವನ ಪರ ವಾದಿಸಲು ಬಂದವರು ಅದೇ ಜಿನ್ನಾ. ಅಕ್ಟೋಬರಿನಲ್ಲಿ ಅವನಿಗೆ ಗಲ್ಲಾಯಿತು. ಸತ್ತ ಇಬ್ಬರೂ ಎರಡು ಕಡೆಯವರಿಗೆ ಹುತಾತ್ಮರಾದರು. ಜನರ ಸಿಟ್ಟನ್ನು ಕೋರ್ಟಿನ ಕಾಲುವೆಗೆ ತಿರುಗಿಸುತ್ತೇವೆ ಎಂದು ಮಾಡಿದ ಕಾನೂನು ಮೊದಲ ಸಿಟ್ಟನ್ನೇ ತಿರುಗಿಸಲಿಲ್ಲ.

ಸ್ವಾತಂತ್ರ್ಯದ ನಂತರ 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು. ಅಜಾಗರೂಕತೆಯ, ದುರುದ್ದೇಶವಿಲ್ಲದ ಅವಮಾನ ಇದರಡಿ ಬರುವುದಿಲ್ಲ ಎಂದೂ ಹೇಳಿತು. 2017ರಲ್ಲಿ ಪತ್ರಿಕೆಯೊಂದರ ಮುಖಪುಟದಲ್ಲಿ ಧೋನಿಯನ್ನು ವಿಷ್ಣುವಿನಂತೆ ಚಿತ್ರಿಸಿದ್ದಕ್ಕೆ ಹಾಕಿದ್ದ ಕೇಸನ್ನು ರದ್ದು ಮಾಡುವಾಗಲೂ ಅದೇ ಮಾತು. ಅಂದರೆ ಮೇಲಿನ ಕೋರ್ಟುಗಳಲ್ಲಿ ಈ ಕಲಮು ಬಹಳ ಇಕ್ಕಟ್ಟಿನದು. ಕೆಳಗೆ ಠಾಣೆಯ ಬಾಗಿಲಲ್ಲಿ ಮಾತ್ರ ಹೆಬ್ಬಾಗಿಲು.

ಒಂದು ರಾತ್ರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ನಮ್ಮೂರಿನದೇ ಆಗಬೇಕಿಲ್ಲ, ಹರಿಹರವೋ ಚಳ್ಳಕೆರೆಯೋ ಆಗಬಹುದು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಹತ್ತೊಂಬತ್ತರ ಹುಡುಗ ಎಲ್ಲಿಂದಲೋ ಬಂದ ಚಿತ್ರವೊಂದನ್ನು ಹತ್ತೂವರೆಗೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾನೆ. ಅವನ ಸ್ಟೇಟಸ್ ನೋಡುವವರು ಅರವತ್ತು ಜನ. ಅವರಲ್ಲೊಬ್ಬ ಸ್ಕ್ರೀನ್‌ಶಾಟ್ ತೆಗೆದು ತನ್ನ ಗ್ರೂಪಿಗೆ ಹಾಕುತ್ತಾನೆ. ಹನ್ನೊಂದಕ್ಕೆ ಹುಡುಗ ಹೆದರಿ ಅಳಿಸಿಬಿಡುತ್ತಾನೆ. ಅಷ್ಟರಲ್ಲಿ ಚಿತ್ರ ಸಾವಿರಾರು ಮೊಬೈಲು ಸೇರಿಯಾಗಿದೆ. ಅವಮಾನವನ್ನು ಊರಿಗೆಲ್ಲ ಹಂಚಿದವರು ಯಾರು? ಅರವತ್ತು ಜನರಿಗೆ ತೋರಿಸಿದ ಪೆದ್ದನೋ, ‘ನೋಡ್ರಿ ಎಂಥಾ ಅನ್ಯಾಯ’ ಎಂದು ಬರೆದು ಸಾವಿರಾರು ಜನರಿಗೆ ಮುಟ್ಟಿಸಿದ ಜಾಣನೋ? ಕೇಸು ಮಾತ್ರ ಯಾವಾಗಲೂ ಮೊದಲನೆಯವನ ಮೇಲೆ.

ಹನ್ನೊಂದೂವರೆಗೆ ಠಾಣೆ ಮುಂದೆ ಇನ್ನೂರು, ಮುನ್ನೂರು ಜನ. ಒಳಗಿರುವುದು ಒಬ್ಬ ಪಿಎಸ್‌ಐ, ಒಂದು ಕೈಯಷ್ಟು ಸಿಬ್ಬಂದಿ. ಸಂಜ್ಞೇಯ, ಅಂದರೆ ವಾರಂಟ್ ಇಲ್ಲದೆ ಹಿಡಿಯಬಹುದಾದ, ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅವರ ತಲೆಯಲ್ಲಿದೆ. ಏಳು ವರ್ಷದೊಳಗಿನ ಸಜೆಯ ಅಪರಾಧಗಳಲ್ಲಿ ಸುಮ್ಮನೆ ಬಂಧಿಸಬೇಡಿ, ಮೊದಲು ನೋಟಿಸ್ ಕೊಡಿ ಎಂದು 2014ರಲ್ಲಿ ಅದೇ ಕೋರ್ಟ್ ಹೇಳಿದ್ದೂ ಇದೆ. ಆದರೆ ಹೊರಗೆ ನಿಂತವರಿಗೆ ನೋಟಿಸು ತೃಪ್ತಿ ಕೊಡುವುದಿಲ್ಲ. ಹುಡುಗನನ್ನು ಜೀಪಿಗೆ ಹತ್ತಿಸುವುದನ್ನು ಅವರು ನೋಡಬೇಕು. ಕೊನೆಗೆ ಪೊಲೀಸರು ‘ಅವನ ರಕ್ಷಣೆಗೇ ಒಳಗೆ ಹಾಕಿದ್ವಿ’ ಎನ್ನುತ್ತಾರೆ. ಅದು ಸುಳ್ಳೂ ಅಲ್ಲ.

ಮುಂದಿನದನ್ನು ನೋಡಲು ಗುಂಪು ಬರುವುದಿಲ್ಲ. ಮೊಬೈಲು ಪ್ರಯೋಗಾಲಯಕ್ಕೆ ಹೋಗುತ್ತದೆ. 299ರ ಕೇಸನ್ನು ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಹಾಗಾಗಿ ಕಡತ ಬೆಂಗಳೂರಿಗೆ ಹೋಗುತ್ತದೆ. ಹುಡುಗ ವಾಯಿದೆಯಿಂದ ವಾಯಿದೆಗೆ ಓಡಾಡುತ್ತಾನೆ, ಗ್ಯಾರೇಜಿನ ಕೆಲಸ ಹೋಗಿರುತ್ತದೆ, ಮನೆಯವರು ಓಣಿ ಬದಲಿಸಿರುತ್ತಾರೆ. ದುರುದ್ದೇಶ ಸಾಬೀತಾಯಿತೋ ಇಲ್ಲವೋ ಎಂಬ ತೀರ್ಪು ಬರುವ ಹೊತ್ತಿಗೆ ಆ ರಾತ್ರಿ ಠಾಣೆ ಮುಂದಿದ್ದವರಲ್ಲಿ ಒಬ್ಬನಿಗೂ ಅವನ ಹೆಸರು ನೆನಪಿರುವುದಿಲ್ಲ.

ಠಾಣೆ ಮುಂದಿದ್ದವರಿಗೂ ಒಂದು ಬೆಲೆ ಇದೆ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಫೇಸ್‌ಬುಕ್ ಪೋಸ್ಟೊಂದಕ್ಕೆ ಸಿಟ್ಟಾಗಿ ಬಂದವರ ಬೇಡಿಕೆ ಬಂಧನವಾಗಿತ್ತು. ಬೆಳಗಾಗುವಷ್ಟರಲ್ಲಿ ಠಾಣೆ, ಶಾಸಕರ ಮನೆ ಸುಟ್ಟಿದ್ದವು, ಪೊಲೀಸರ ಗುಂಡಿಗೆ ಜನ ಸತ್ತಿದ್ದರು. 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿ ಠಾಣೆ, 2025ರ ಫೆಬ್ರುವರಿಯಲ್ಲಿ ಮೈಸೂರಿನ ಉದಯಗಿರಿ ಠಾಣೆ, ಎರಡೂ ಕಡೆ ಅದೇ ನಕ್ಷೆ: ಒಂದು ಪೋಸ್ಟು, ಠಾಣೆ ಮುಂದೆ ಗುಂಪು, ‘ನಮ್ಮ ಕೈಗೆ ಕೊಡಿ’ ಎಂಬ ಕೂಗು, ಕಲ್ಲು. ಪೋಸ್ಟು ಹಾಕಿದವನ ಅಪರಾಧಕ್ಕೆ ಹೆಚ್ಚೆಂದರೆ ಮೂರು ವರ್ಷ. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಅದನ್ನು ಪ್ರತಿಭಟಿಸಲು ಹೋದವರ ಮೇಲೆ ಬಿದ್ದದ್ದು ಭಯೋತ್ಪಾದನೆ ವಿರುದ್ಧದ ಕಾಯ್ದೆ ಯುಎಪಿಎ. ಕೂಲಿ ಮಾಡುವ ಹುಡುಗರು ವರ್ಷಗಟ್ಟಲೆ ಒಳಗಿದ್ದರು. ಹುಬ್ಬಳ್ಳಿಯ ಕೇಸೂ ಸೇರಿದಂತೆ 43 ಪ್ರಕರಣಗಳನ್ನು ವಾಪಸು ಪಡೆಯಲು 2024ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ತೀರ್ಮಾನಿಸಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಇಲ್ಲಿಂದ ಸಂಬಂಧಗಳ ಮೇಲೆ ಆಗುವ ನಿಜವಾದ ಪರಿಣಾಮ ಶುರು. ಲೆಕ್ಕ ಇಡುವ ಅಭ್ಯಾಸ. ಹಬ್ಬಕ್ಕೆ ಮುಂಚೆ ನಡೆಯುವ ಶಾಂತಿ ಸಭೆಗೆ ಹೋದವರಿಗೆ ಇದು ಗೊತ್ತು. ಮೊದಲೆಲ್ಲ ಮೆರವಣಿಗೆಯ ದಾರಿ, ಸಮಯ, ಡಿಜೆಯ ಸದ್ದು, ಲೈನ್‌ಮನ್ ಯಾವಾಗ ತಂತಿ ಎತ್ತಬೇಕು ಇಂಥವೇ ಮಾತು. ಈಗ ಕುರ್ಚಿ ಹಾಕುವ ಮೊದಲೇ ಪಟ್ಟಿ ತೆರೆಯುತ್ತದೆ. ‘ಹೋದ ವರ್ಷ ನಮ್ಮ ಹುಡುಗ್ರ ಮೇಲೆ ಇಷ್ಟು ಕೇಸು, ಅವರ ಮೇಲೆ ಎಷ್ಟು?’ ಪೊಲೀಸರೂ ಈ ಲೆಕ್ಕಕ್ಕೆ ಒಗ್ಗಿಕೊಂಡಿದ್ದಾರೆ. ಒಂದು ಕಡೆ ಎಫ್‌ಐಆರ್ ಆದರೆ ಇನ್ನೊಂದು ಕಡೆಯೂ ಒಂದಾಗಲಿ, ತಕ್ಕಡಿ ಸರಿ ಹೋಗಲಿ ಎಂದು. ಎರಡೂ ಕಡೆಯ ಹಿರಿಯರಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಆ ಹಿರಿಯರು ಅರವತ್ತು ದಾಟಿದವರು, ವಾಟ್ಸ್‌ಆ್ಯಪ್‌ನಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಕಳಿಸದವರು. ಕಲ್ಲು ಎಸೆಯುವ ವಯಸ್ಸಿನವರ ಮೇಲೆ ಅವರ ಮಾತು ನಡೆಯುವುದು ನಿಂತು ಎಷ್ಟೋ ಕಾಲವಾಯಿತು.

ಧರ್ಮನಿಂದೆಯ ಕಾನೂನು ಹಿಂದೂ ಮುಸ್ಲಿಂ ನಡುವಿನದು ಎಂಬ ತಿಳಿವಳಿಕೆಯೂ ಅರ್ಧ ಮಾತ್ರ. ಕನ್ನಡದ ಅತಿ ದೊಡ್ಡ ಪ್ರಕರಣ ಬಸವಣ್ಣನ ಸುತ್ತಲಿನದು. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಗೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತ್ತು. ಆಮೇಲೆ ಅದರ ಕೆಲವು ಭಾಗಗಳು ಭಕ್ತರ ಮನಸ್ಸು ನೋಯಿಸುತ್ತವೆ ಎಂದು ಸರ್ಕಾರ ಮುಟ್ಟುಗೋಲು ಹಾಕಿತು. 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ವಚನಗಳ ಅಂಕಿತ ‘ಕೂಡಲಸಂಗಮದೇವ’ವನ್ನು ‘ಲಿಂಗದೇವ’ ಎಂದು ಬದಲಿಸಿದ್ದಕ್ಕೆ ಮಾತೆ ಮಹಾದೇವಿಯವರ ಪುಸ್ತಕವೂ ಮುಟ್ಟುಗೋಲಾಯಿತು. ಅದನ್ನೂ 2017ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬದುಕಿದ್ದಾಗ ಸಂಪ್ರದಾಯದವರ ಭಾವನೆಗೆ ಧಕ್ಕೆ ಮಾಡಿದ್ದೇ ಬಸವಣ್ಣನ ಕಸುಬಾಗಿತ್ತಲ್ಲ ಎಂದು ಯಾರಾದರೂ ಕೇಳಬಹುದಿತ್ತು. ವಿರಕ್ತ ಮಠಗಳ, ವಚನ ಬಾಯಿಪಾಠದ ಈ ಸೀಮೆಯಲ್ಲೂ ಕೇಳಿದವರು ಕಡಿಮೆ.

ನಮ್ಮೂರಿನದೇ ಎರಡು ಘಟನೆಗಳಿವೆ. 2015ರ ಅಕ್ಟೋಬರಿನಲ್ಲಿ ಜಾತಿ ಪದ್ಧತಿಯ ವಿರುದ್ಧ ಬರೆದ ದಲಿತ ವಿದ್ಯಾರ್ಥಿಯೊಬ್ಬನ ಮೇಲೆ ಇಲ್ಲಿ ಹಲ್ಲೆಯಾಯಿತು. ಅವನ ತಪ್ಪು, ಹಿಂದೂ ಧರ್ಮದ ವಿರುದ್ಧ ಬರೆದನೆಂಬುದು. 2017ರ ಮಾರ್ಚ್‌ನಲ್ಲಿ ಲೇಖಕ ಯೋಗೇಶ್ ಮಾಸ್ಟರ್ ಕಾರ್ಯಕ್ರಮವೊಂದಕ್ಕೆ ಬಂದಾಗ ಅವರ ಮುಖಕ್ಕೆ ಕಪ್ಪು ಎಣ್ಣೆ ಬಳಿದರು. ಗಣಪತಿಯ ಬಗ್ಗೆ ಕಾದಂಬರಿ ಬರೆದಿದ್ದಕ್ಕೆ 2013ರಲ್ಲೇ ಅವರ ಬಂಧನವಾಗಿತ್ತು. ಕಾನೂನು ತನ್ನ ಕೆಲಸ ಮಾಡಿ ಆಗಿತ್ತು. ನಾಲ್ಕು ವರ್ಷದ ಮೇಲೂ ಸಿಟ್ಟು ತಣಿದಿರಲಿಲ್ಲ. ಕೇಸು ಹಾಕಿದರೆ ಬೀದಿ ಶಾಂತವಾಗುತ್ತದೆ ಎನ್ನುವವರು ಈ ನಾಲ್ಕು ವರ್ಷಕ್ಕೆ ಲೆಕ್ಕ ಹೇಳಬೇಕು. ನನಗೆ ಕಾಣುವಂತೆ ಎಫ್‌ಐಆರ್ ಸಿಟ್ಟಿಗೆ ಸರ್ಕಾರಿ ಮೊಹರು ಒತ್ತುತ್ತದೆ. ‘ಸರ್ಕಾರವೇ ತಪ್ಪು ಅಂತ ಒಪ್ಪಿದೆ’ ಎಂದು ಮುಂದಿನವನು ಎಣ್ಣೆ ಡಬ್ಬಿ ಹಿಡಿದು ಬರುತ್ತಾನೆ.

ಶಿಕ್ಷೆ ಸಾಲದು, ಇನ್ನೂ ಬಿಗಿ ಮಾಡಿ ಎನ್ನುವವರು ಎರಡೂ ಕಡೆ ಇದ್ದಾರೆ. ಹಾಗೆ ಮಾಡಿದ ದೇಶ ಪಕ್ಕದಲ್ಲೇ ಇದೆ. ಪಾಕಿಸ್ತಾನಕ್ಕೂ ಬಂದದ್ದು ಇದೇ 1927ರ ಕಲಮು. ಜಿಯಾ ಉಲ್ ಹಕ್ ಕಾಲದಲ್ಲಿ, 1982ರಲ್ಲಿ ಕುರಾನಿನ ಅಪವಿತ್ರಕ್ಕೆ ಜೀವಾವಧಿ ಶಿಕ್ಷೆಯ 295ಬಿ, 1986ರಲ್ಲಿ ಪ್ರವಾದಿ ನಿಂದನೆಗೆ ಮರಣದಂಡನೆಯ 295ಸಿ ಸೇರಿದವು. 1984ರಲ್ಲಿ ಅಹಮದೀಯರು ತಮ್ಮನ್ನು ಮುಸ್ಲಿಮರೆಂದು ಕರೆದುಕೊಳ್ಳುವುದೇ ಅಪರಾಧವಾಯಿತು. ಎರಡು ಹೊಸ ಕಲಮುಗಳಲ್ಲಿ ‘ದುರುದ್ದೇಶ’ ಎಂಬ ಮಾತು ಬಿದ್ದುಹೋಗಿತ್ತು.

ಅಲ್ಲಿನ ಆಸಿಯಾ ಬೀಬಿಯ ಕಥೆ ನಮ್ಮ ಜಿಲ್ಲೆಯ ಓದುಗರಿಗೆ ಪರಕೀಯ ಅನ್ನಿಸುವುದಿಲ್ಲ. 2009ರ ಬೇಸಿಗೆಯಲ್ಲಿ ಪಂಜಾಬಿನ ಹಳ್ಳಿಯೊಂದರಲ್ಲಿ ಕೂಲಿಗೆ ಹಣ್ಣು ಬಿಡಿಸುತ್ತಿದ್ದ ಈ ಕ್ರೈಸ್ತ ಹೆಂಗಸು ಕುಡಿಯಲು ನೀರು ತಂದಳು. ಅವಳು ಮುಟ್ಟಿದ ನೀರು ಕುಡಿಯುವುದಿಲ್ಲ ಎಂದರು ಜೊತೆಯ ಕೂಲಿ ಹೆಂಗಸರು. ಮಾತಿಗೆ ಮಾತು ಬೆಳೆಯಿತು. ಎರಡು ಲೋಟದ ಹೋಟೆಲುಗಳನ್ನು ಕಂಡ ನಮಗೆ ಇದು ಯಾವ ಜಗಳ ಎಂದು ಹೇಳಿಕೊಡಬೇಕಾಗಿಲ್ಲ. ಆದರೆ ನೀರಿನ ಜಗಳ ಕೆಲವೇ ದಿನದಲ್ಲಿ ಪ್ರವಾದಿ ನಿಂದನೆಯ ಕೇಸಾಯಿತು, 2010ರಲ್ಲಿ ಗಲ್ಲುಶಿಕ್ಷೆಯಾಯಿತು. ಅವಳ ಪರ ಮಾತಾಡಿದ ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಾಸೀರ್ ಅವರನ್ನು 2011ರ ಜನವರಿಯಲ್ಲಿ ಅವರ ಅಂಗರಕ್ಷಕನೇ ಗುಂಡಿಟ್ಟು ಕೊಂದ. ಮಾರ್ಚ್‌ನಲ್ಲಿ ಕ್ರೈಸ್ತ ಸಚಿವ ಶಹಬಾಜ್ ಭಟ್ಟಿ ಹತರಾದರು. 2018ರಲ್ಲಿ ಸುಪ್ರೀಂ ಕೋರ್ಟ್ ಅವಳನ್ನು ನಿರ್ದೋಷಿ ಎಂದಾಗ ಅವಳು ದೇಶವನ್ನೇ ಬಿಡಬೇಕಾಯಿತು. 2023ರ ಆಗಸ್ಟ್‌ನಲ್ಲಿ ಜರನವಾಲಾ ಊರಿನಲ್ಲಿ ಇಂಥದೇ ಆರೋಪಕ್ಕೆ ಚರ್ಚುಗಳನ್ನು, ಕ್ರೈಸ್ತರ ಮನೆಗಳನ್ನು ಸುಟ್ಟರು. ಕಾನೂನು ಎಷ್ಟು ಬಿಗಿಯಾಯಿತೋ ಅಷ್ಟು ಸುಲಭವಾಗಿ ಹೊಲದ ಜಗಳ, ಬಾಡಿಗೆ ಜಗಳ, ಲೋಟದ ಜಗಳಗಳು ದೇವರ ಜಗಳವಾದವು. ಬಲ ಇದ್ದವರ ಕೈಗೆ ಅದು ಸಿಕ್ಕಿತು.

ಇದನ್ನೆಲ್ಲ ಓದಿ, ಹಾಗಾದರೆ 299 ಕಿತ್ತುಹಾಕಿದರೆ ಸರಿಹೋಗುತ್ತದೆ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. 1990ರ ಅಕ್ಟೋಬರಿನಲ್ಲಿ, ರಥಯಾತ್ರೆಯ ಕಾಲದಲ್ಲಿ, ದಾವಣಗೆರೆ ಹೊತ್ತಿ ಉರಿದಾಗ ಸ್ಟೇಟಸ್ಸೂ ಇರಲಿಲ್ಲ, ಫೇಸ್‌ಬುಕ್ಕೂ ಇರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಅರಳಿಮರ ವೃತ್ತದ ಬಳಿ ಗಣಪತಿ ಮೆರವಣಿಗೆಯ ಹೊತ್ತಿಗೆ ಕಲ್ಲು ಬಿದ್ದದ್ದೂ ಯಾವುದೇ ಪುಸ್ತಕಕ್ಕಲ್ಲ. ಇನ್ನೊಂದು ಮಾತೂ ಇದೆ. ಅಲ್ಪಸಂಖ್ಯಾತರು ಈ ಕಲಮನ್ನು ಬೇಡವೆನ್ನುವುದಿಲ್ಲ. ‘ನಮ್ಮನ್ನ ಬೈದ್ರೆ ಹೋಗೋಕೆ ಇರೋದು ಅದೊಂದೇ ಬಾಗಿಲು’ ಎಂದು ಅಜಾದ್ ನಗರದ ಪರಿಚಿತರೊಬ್ಬರು ಅಂದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಬಾಗಿಲು ಅವರಿಗೆ ಎಷ್ಟು ಸಲ ತೆರೆದಿದೆ ಎಂದು ಕೇಳಿದೆ. ನಕ್ಕು ಚಹಾ ಹೇಳಿದರು.

ನಾನು ಹಿಡಿದು ಹೇಳಬಲ್ಲದ್ದು ಒಂದೇ. ದೇವರ ಮಾನ ಕಾಯುವ ಕಾನೂನು, ಮನುಷ್ಯರ ಬದುಕು ಕಾಯುವ ಕಾನೂನು, ಈ ಎರಡನ್ನು ಕಲಸಿ ನಾವು ಕೆಟ್ಟಿದ್ದೇವೆ. 2022ರಲ್ಲಿ ಕರಾವಳಿಯಿಂದ ಶುರುವಾಗಿ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಕೊಡಬೇಡಿ ಎಂಬ ಕೂಗು ಎದ್ದಿತು. ಅದರಲ್ಲಿ ಯಾವ ದೇವರ ನಿಂದೆಯೂ ಇರಲಿಲ್ಲ. ಆದ್ದರಿಂದ 295ಎ ಅದನ್ನು ಮುಟ್ಟುವಂತಿರಲಿಲ್ಲ. ಬಳೆ, ಆಟಿಕೆ ಮಾರುವವನ ಅನ್ನ ಹೋಯಿತು, ಎರಡು ತಲೆಮಾರಿನ ಗಿರಾಕಿ ಸಂಬಂಧ ಹೋಯಿತು. ಮೀಮು ಹಾಕಿದ ಹುಡುಗ ಮಾತ್ರ ಜೈಲಿಗೆ. 2025ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾದ ದ್ವೇಷ ಭಾಷಣ ತಡೆ ಮಸೂದೆ ಮನುಷ್ಯರ ಮೇಲಿನ ದ್ವೇಷದ ಕಡೆ ನೋಡುತ್ತದೆ ಎಂಬುದು ಅದರ ಒಳ್ಳೆಯ ಅಂಶ. ಆದರೆ ಅದೂ ಜಾಮೀನುರಹಿತ, ಅದರಲ್ಲೂ ವ್ಯಾಖ್ಯಾನ ಅಗಲ. ಅದೇ ಠಾಣೆ, ಅದೇ ಪಿಎಸ್‌ಐ, ಅದೇ ಗುಂಪು. ಹಾಗಾಗಿ ನನ್ನ ಉತ್ಸಾಹ ಅಷ್ಟಕ್ಕಷ್ಟೆ.

ಕಾನೂನಿನ ಪುಸ್ತಕದಲ್ಲಿ ಈಗಾಗಲೇ ಇರುವ ಒಂದು ಸಣ್ಣ ಕೀಲಿಯನ್ನು ಬಳಸಿದರೆ ಸಾಕಷ್ಟಾಗುತ್ತದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173(3): ಮೂರರಿಂದ ಏಳು ವರ್ಷದೊಳಗಿನ ಸಜೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು, ಆಮೇಲೆ ಎಫ್‌ಐಆರ್. ಕವಿ, ಸಂಸದ ಇಮ್ರಾನ್ ಪ್ರತಾಪಗಢಿ ಅವರ ಮೇಲಿನ ಕೇಸನ್ನು 2025ರ ಮಾರ್ಚ್‌ನಲ್ಲಿ ರದ್ದು ಮಾಡುವಾಗ ಸುಪ್ರೀಂ ಕೋರ್ಟ್, ಮಾತು ಬರಹದ ಪ್ರಕರಣಗಳಲ್ಲಿ ಈ ದಾರಿ ಹಿಡಿಯುವುದೇ ಸರಿ ಎಂದಿದೆ. ಮೂರು ವರ್ಷದ ಸಜೆಯ 299ಕ್ಕೂ ಇದು ಹೊಂದುತ್ತದೆ. ಹದಿನಾಲ್ಕು ದಿನದಲ್ಲಿ ಹುಡುಗನ ತಂದೆ ಎದುರು ಓಣಿಗೆ ಹೋಗಿ ಕೈಮುಗಿಯಬಹುದು, ಚಿತ್ರವನ್ನು ಸಾವಿರಾರು ಜನರಿಗೆ ಹಂಚಿದವನು ಯಾರೆಂದು ಹುಡುಕಬಹುದು, ಸಿಟ್ಟು ಆರಬಹುದು. ಆದರೆ ಇದನ್ನು ರಾತ್ರಿ ಹನ್ನೊಂದೂವರೆಗೆ ಠಾಣೆಯ ಮೆಟ್ಟಿಲ ಮೇಲೆ ನಿಂತು ಗುಂಪಿಗೆ ವಿವರಿಸಬೇಕು. ಅದಕ್ಕೆ ಮೇಲಿನವರು ಬೆನ್ನ ಹಿಂದೆ ಇದ್ದಾರೆಂಬ ಧೈರ್ಯ ಬೇಕು. ಬೆಳಗ್ಗೆ ವರ್ಗಾವಣೆ ಆದೇಶ ಬಂದರೆ ಮುಂದಿನ ಪಿಎಸ್‌ಐ ಪಾಠ ಕಲಿತಿರುತ್ತಾರೆ.

ಗಿರಣಿಗಳಿದ್ದಾಗ ಹೇಗಿತ್ತು ಎಂದು ಹಳಬರನ್ನು ಕೇಳಿದರೆ ಅವರು ಸೌಹಾರ್ದದ ಮಾತಾಡುವುದಿಲ್ಲ. ಪಾಳಿಯ ಮಾತಾಡುತ್ತಾರೆ, ಬೋನಸ್ಸಿನ ಮಾತಾಡುತ್ತಾರೆ. ಒಂದೇ ಯೂನಿಯನ್ನಿನಲ್ಲಿ ಇದ್ದವರಿಗೆ ಪರಸ್ಪರರ ದೇವರನ್ನು ಗೇಲಿ ಮಾಡುವ ಸಲಿಗೆಯೂ ಇತ್ತಂತೆ, ಅತಿಯಾದರೆ ‘ಸಾಕು ಬಿಡಪ್ಪಾ’ ಎನ್ನುವ ಹಕ್ಕೂ ಇತ್ತಂತೆ. ಗಿರಣಿ ಮುಚ್ಚಿದವು. ಮಂಡಕ್ಕಿ ಭಟ್ಟಿಗಳು ಉಳಿದಿವೆ. ಅಲ್ಲಿ ಹುರಿದದ್ದು ದುಗ್ಗಮ್ಮನ ಜಾತ್ರೆಗೂ ಹೋಗುತ್ತದೆ, ಉರುಸಿಗೂ ಹೋಗುತ್ತದೆ. ಆದರೆ ಅದು ಕೊಡುಕೊಳ್ಳುವ ಸಂಬಂಧ. ಒಟ್ಟಿಗೆ ನಿಂತು ಬೆವರು ಸುರಿಸುವ ಜಾಗ ಇಲ್ಲವಾದ ಮೇಲೆ ಎರಡು ಓಣಿಯ ಹುಡುಗರು ಮುಖಾಮುಖಿಯಾಗುವುದು ಮೆರವಣಿಗೆಯ ದಾರಿಯಲ್ಲಿ, ಇಲ್ಲವೇ ಮೊಬೈಲಿನಲ್ಲಿ.

ಮೊನ್ನೆ ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿಯೊಂದರಲ್ಲಿ ಕೂತಿದ್ದೆ. ಗಣಪತಿಗೂ ಈದ್ ಮಿಲಾದ್‌ಗೂ ಅವರದೇ ಮಷೀನು. ‘ಮೊದ್ಲು ಬಣ್ಣ ನೋಡ್ತಿದ್ದೆ ಸರ್, ಫೋಟೊದಾಗೆ ಲೀಡರ್ ಬಿಟ್ಟು ಹೋಗಿಲ್ಲ ತಾನೆ ಅಂತ ನೋಡ್ತಿದ್ದೆ. ಈಗ ಒಂದೊಂದ್ ಅಕ್ಷರ ಓದ್ತೀನಿ’ ಎಂದರು. ಬಸವ ಜಯಂತಿಗೆಂದು ಯಾರೋ ಬಿಟ್ಟುಹೋದ ಹಳೆಯ ವಿನ್ಯಾಸವೊಂದು ಪರದೆಯ ಮೇಲಿತ್ತು. ಕಲ್ಲಿನ ನಾಗರಕ್ಕೆ ಹಾಲೆರೆಯುವವರನ್ನು ಗೇಲಿ ಮಾಡುವ, ನಾವೆಲ್ಲ ಪ್ರಾಥಮಿಕ ಶಾಲೆಯಲ್ಲಿ ಬಾಯಿಪಾಠ ಮಾಡಿದ ವಚನ. ಅವರು ಅದನ್ನು ಎರಡು ಸಲ ಓದಿ ನನ್ನ ಕಡೆ ತಿರುಗಿದರು.

‘ಇದು ಹಾಕಿದ್ರೆ ಏನೂ ಆಗಲ್ಲ ಅಲ್ವಾ ಸರ್?’